ಮನೆಯಲ್ಲಿದ್ದೇನೆ, ಸುದ್ದಿ ತಿಳಿಸಿ

ಮಗಳು ಬೆಟ್ಟ ಇಳಿದು ಬರಬೇಕಾಗಿದ್ದ ದಿನ ಕಳೆದು ಮೂರು ದಿನವಾಗಿತ್ತು. ಒಬ್ಬಳೇ ಹೋಗಿದ್ದಳು. ಮೇಲೆ ಹಿಮಗಾಳಿ ಎದ್ದಿದೆ, ಹುಡುಕುವ ತಂಡ ಬೆಳಿಗ್ಗೆ ಹೊರಟಿದೆ, ಏನಾದರೂ ತಿಳಿದರೆ ನಾವೇ ಫೋನು ಮಾಡುತ್ತೇವೆ, ನೀವು ಗಳಿಗೆಗೊಮ್ಮೆ ಮಾಡಬೇಡಿ ಎಂದು ಬೆಟ್ಟದ ಬುಡದ ಕಚೇರಿಯವರು ಹೇಳಿದ್ದರು. ಆಗಿನಿಂದ ಅಪ್ಪ ಫೋನಿನ ಪಕ್ಕದ ಸ್ಟೂಲು ಬಿಟ್ಟು ಎದ್ದಿರಲಿಲ್ಲ. ಬಸ್ಸು ಓಡಿಸುವ ಮನುಷ್ಯ. ದಿನವಿಡೀ ಕೂತು ಅಭ್ಯಾಸವಿತ್ತು, ಸುಮ್ಮನೆ ಕೂತು ಅಭ್ಯಾಸವಿರಲಿಲ್ಲ.

ಅಮ್ಮ ತಂತಿ ಕಚೇರಿಯ ಕೌಂಟರಿನವಳು. ಇಪ್ಪತ್ತೆರಡು ವರ್ಷ ಊರವರ ಸಾವು, ಹೆರಿಗೆ, ಮದುವೆಗಳನ್ನೆಲ್ಲ ಪದಕ್ಕಿಷ್ಟು ಕಾಸೆಂದು ಕತ್ತರಿಸಿ ಹತ್ತು ಪದದೊಳಗೆ ಕೂರಿಸಿದ್ದಳು. ಯಾರಾದರೂ ‘ನಾನು ಬರುತ್ತೇನೆ’ ಎಂದು ಬರೆದುಕೊಟ್ಟರೆ, ‘ಬರುತ್ತೇನೆ’ ಅಂದಮೇಲೆ ‘ನಾನು’ ಯಾಕೆ, ಬೇರೆ ಯಾರು ಬರುತ್ತಾರೆ ಎಂದು ಪೆನ್ಸಿಲಿನಲ್ಲಿ ಹೊಡೆದುಹಾಕುವಳು. ಮನೆಯಲ್ಲೂ ಅದೇ ಚಾಳಿ. ನಮ್ಮಮ್ಮ ಜೋಗುಳವನ್ನೂ ನಾಲ್ಕು ಪದದಲ್ಲಿ ಮುಗಿಸಿದವಳು ಎಂದು ಮಗಳು ರೇಗಿಸುತ್ತಿದ್ದಳು.

ಮಗಳ ಕೋಣೆಯಲ್ಲಿ ಕಂಪ್ಯೂಟರಿತ್ತು. ಫೋನಿನ ತಂತಿಯನ್ನೇ ಅದಕ್ಕೆ ಚುಚ್ಚಿದರೆ ಕೀರಲು ದನಿಯಲ್ಲಿ ಕೂಗಿ ಇಂಟರ್ನೆಟ್ಟು ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಮನೆಗೆ ಫೋನು ಬರುವಂತಿರಲಿಲ್ಲ. ಅದರೊಳಗೆ ಬೆಟ್ಟ ಹತ್ತುವವರದೊಂದು ಫೋರಂ. ಒಬ್ಬರ ಮುಖ ಒಬ್ಬರು ಕಾಣದ ನಲವತ್ತು ಮಂದಿ, ನಲವತ್ತು ಅಡ್ಡಹೆಸರು. ಮಗಳು ಅಲ್ಲಿ ‘ಉಡ’. ಹಿಡಿದರೆ ಬಿಡುವವಳಲ್ಲ ಎಂದು ಅವರೇ ಇಟ್ಟದ್ದು. ಊರು ಕೇರಿ ಗೊತ್ತಿಲ್ಲದವರ ಹತ್ತಿರ ಏನು ಹರಟೆ ಎಂದು ಅಮ್ಮ ಎಷ್ಟೋ ಸಲ ಗೊಣಗಿದ್ದಳು. ಈಗ ಗತಿಯಿಲ್ಲದೆ ಅದೇ ಬಾಗಿಲಿಗೆ ಬಂದಿದ್ದಳು.

“ಐದೇ ನಿಮಿಷ ಕಣೇ,” ಎಂದ ಅಪ್ಪ. “ಅಷ್ಟರಲ್ಲಿ ಅವರು ಫೋನು ಮಾಡಿಬಿಟ್ರೆ?”

ಗುಪ್ತಪದ ಕೇಳಲಿಲ್ಲ, ಮಗಳ ಹೆಸರಲ್ಲೇ ಪುಟ ತೆರೆಯಿತು. ‘ಉಡದ ಸುದ್ದಿ ಏನಾದರೂ?’ ಎಂಬುದರ ಕೆಳಗೆ ಸಾಲುಸಾಲು ಬರಹ. ಹಗ್ಗದಜ್ಜ ಎಂಬಾತ ದಿನಕ್ಕೆರಡು ಸಲ ಬೆಟ್ಟದ ಬುಡದ ಕಚೇರಿಗೆ ಫೋನು ಮಾಡಿ ವಿಚಾರಿಸುತ್ತಿದ್ದ. ಗೂಟ ಎಂಬವನು, ಅವಳು ಬರುವ ತನಕ ನನಗೆ ಅನ್ನ ಇಳಿಯುವುದಿಲ್ಲ ಎಂದು ಬರೆದಿದ್ದ. ಸ್ವಂತ ನಾದಿನಿ ಕೂಡ, ಹೆಣ್ಣುಮಗಳನ್ನು ಒಬ್ಬಳೇ ಕಳಿಸಿದ್ದಕ್ಕೆ ಅನುಭವಿಸಿ ಎಂದು ಹೇಳಿ ಹೋಗಿದ್ದಳು. ಇವರು ಯಾರ ಮನೆಯ ಮಕ್ಕಳೋ.

ಹೊರಗಿನಿಂದ ಗಂಡ ಮತ್ತೆ ಕೂಗಿದ. ಅಮ್ಮ ಅವಸರದಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: ‘ಮನೆಯಲ್ಲಿದ್ದೇನೆ. ಸುದ್ದಿ ತಿಳಿಸಿ.’ ಕಳಿಸಿ ತಂತಿ ಕಿತ್ತಳು. ಬೆಳಿಗ್ಗೆ ಒಂಬತ್ತು ಗಂಟೆ.

ಫೋನು ಬರಲಿಲ್ಲ. ಹನ್ನೆರಡಾಯಿತು, ಎರಡಾಯಿತು. ಮಾಡಿಟ್ಟ ಅಡುಗೆ ತಣ್ಣಗಾಯಿತು. ನಾಲ್ಕು ಗಂಟೆಗೆ ಅಮ್ಮ ಗಂಡನನ್ನು ಕೇಳದೆಯೇ ತಂತಿ ಚುಚ್ಚಿದಳು.

ಪುಟದ ತುಂಬ ಹಬ್ಬ.

‘ಬಂದೆಯಾ ತಾಯೀ!’ ‘ನಾವು ಸುದ್ದಿ ತಿಳಿಸೋದಾ? ನೀನು ತಿಳಿಸು ಮಹರಾಯಿತಿ!’ ‘ಗೂಟ ಮೂರು ತಟ್ಟೆ ಉಂಡನಂತೆ.’ ಅವುಗಳ ನಡುವೆ ಹಗ್ಗದಜ್ಜನ ಎರಡು ಸಾಲು: ‘ಉಡ ಮನೆ ಸೇರಿದ್ದಾಳೆಂದು ಕಚೇರಿಗೆ ಹೇಳಿದೆ. ಹುಡುಕಲು ಹೋದವರನ್ನು ವೈರ್‌ಲೆಸ್ಸಿನಲ್ಲಿ ವಾಪಸು ಕರೆಸಿದರು. ಪಾಪ, ಅವರೂ ಚಳಿಯಲ್ಲಿ ಬಳಲಿದ್ದರು.’

ಅಮ್ಮ ಓದಿದಳು. ಮತ್ತೆ ಓದಿದಳು. ‘ಮನೆಯಲ್ಲಿದ್ದೇನೆ.’ ಯಾರು? ಮಗಳ ಹೆಸರಿನ ಕೆಳಗೆ ಕೂತು, ‘ನಾನು’ ಹೊಡೆದುಹಾಕಿ, ಸಹಿ ಹೊಡೆದುಹಾಕಿ, ತನ್ನ ಕೈಯಾರೆ ಮಗಳನ್ನು ಮನೆಗೆ ತಂದು ಕೂರಿಸಿದ್ದಳು.

“ರೀ,” ಎಂದಳು. ಎದ್ದು ಬಂದ ಗಂಡ ಅವಳ ಹೆಗಲ ಮೇಲಿಂದ ಓದಿದ.

ಕಚೇರಿಗೆ ಫೋನು ಮಾಡಬೇಕೆಂದರೆ ಫೋರಂ ಬಿಡಬೇಕು. ಅಲ್ಲಿ ಹೇಳಬೇಕೆಂದರೆ ಫೋನು ಸಿಗದು. ಕಚೇರಿಯವರು ಒಬ್ಬರು, ಅದೂ ಎತ್ತಿದರೆ ಉಂಟು ಇಲ್ಲದಿದ್ದರೆ ಇಲ್ಲ. ಇಲ್ಲಿ ನಲವತ್ತು ಮಂದಿ. ಅಮ್ಮ ಈ ಸಲ ಒಂದು ಪದವನ್ನೂ ಹೊಡೆದುಹಾಕಲಿಲ್ಲ. ‘ಬೆಳಿಗ್ಗೆ ಬರೆದವಳು ಉಡ ಅಲ್ಲ. ಬರೆದದ್ದು ನಾನು, ಉಡದ ತಾಯಿ. ನನ್ನ ಮಗಳು ಮನೆಗೆ ಬಂದಿಲ್ಲ. ನನ್ನ ಮಗಳು ಇನ್ನೂ ಬೆಟ್ಟದ ಮೇಲಿದ್ದಾಳೆ. ನಿಮ್ಮ ಕಾಲಿಗೆ ಬೀಳುತ್ತೇನೆ, ಅವರನ್ನು ಮತ್ತೆ ಮೇಲೆ ಕಳಿಸಿ.’

ಮೊದಲು ಹಗ್ಗದಜ್ಜ: ‘ಫೋನು ಎತ್ತಿದ್ದೇನೆ.’ ಗೂಟ: ‘ಅಲ್ಲಿಗೆ ನನ್ನ ಮನೆಯಿಂದ ಬೈಕಿನಲ್ಲಿ ಒಂದೂವರೆ ಗಂಟೆ. ಹೊರಟೆ.’ ಇನ್ನೊಬ್ಬಳು: ‘ಅಮ್ಮಾ, ನೀವು ಲೈನು ಬಿಡಿ. ನಿಮ್ಮ ನಂಬರು ಕೊಟ್ಟು ಹೋಗಿ. ಏನೇ ತಿಳಿದರೂ ನಮ್ಮಲ್ಲಿ ಒಬ್ಬರು ಗಂಟೆಗೊಮ್ಮೆ ಮಾಡುತ್ತೇವೆ. ತಿಳಿಯದಿದ್ದರೂ ಮಾಡುತ್ತೇವೆ.’

ಮಾಡಿದರು. ಕತ್ತಲಾಗುತ್ತಿರುವುದರಿಂದ ತಂಡ ಹತ್ತಲಾರದು, ನಸುಕಿಗೆ ಹೊರಡುತ್ತದೆ ಎಂಬ ಸುದ್ದಿ ಮೊದಲು ಬಂತು. ಆಮೇಲೆ ಹೇಳಲು ಏನೂ ಇರಲಿಲ್ಲ, ಆದರೂ ಪ್ರತಿ ಗಂಟೆಗೂ ಹೊಸ ದನಿಯೊಂದು, ಏನೂ ಇಲ್ಲಮ್ಮ, ಕೂತಿದ್ದೀವಿ ಎನ್ನುತ್ತಿತ್ತು. ಅಪ್ಪ ಪ್ರತಿಯೊಬ್ಬರಿಗೂ, ಸರಿಯಪ್ಪ, ಸರಿಯಮ್ಮ ಎಂದು ಇಡುತ್ತಿದ್ದ. ಹೆಂಡತಿಗೆ ಮಾತ್ರ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾರನೆಯ ದಿನ ಹನ್ನೊಂದಕ್ಕೆ ಗೂಟನ ಫೋನು ಬಂತು. ಸಿಕ್ಕಳು, ಜೀವ ಇದೆ ಎಂದು ಹೇಳಿ ಗಂಡಸು ಬಿಕ್ಕಿ ಬಿಕ್ಕಿ ಅತ್ತ. ಬಂಡೆಯ ಸಂದಿಯಲ್ಲಿ ಕಾಲು ಮುರಿದುಕೊಂಡು ಕೂತಿದ್ದಳಂತೆ. ಎಡಗೈಯ ಎರಡು ಬೆರಳು ಚಳಿಗೆ ಕಪ್ಪಾಗಿದ್ದವು. ನಿನ್ನೆಯೇ ತಂದಿದ್ದರೆ ಉಳಿಯುತ್ತಿದ್ದವೇನೋ ಎಂದು ಡಾಕ್ಟರು ಅಂದರಂತೆ. ಅದನ್ನು ಗೂಟ ಹೇಳಬೇಕೆಂದಿರಲಿಲ್ಲ, ಅಮ್ಮನೇ ಕೆದಕಿ ಕೇಳಿದಳು.

ಸಂಜೆ ಹಗ್ಗದಜ್ಜನೇ ಮಾಡಿದ. ನಿಜಕ್ಕೂ ಮುದುಕರ ದನಿ.

“ತಾಯೀ, ವಿಚಾರಿಸದೆ ಕಚೇರಿಗೆ ಹೇಳಿದವನು ನಾನು. ಆ ದಿನದ ಪುಟ ತೆಗೆದುಹಾಕಿದ್ದೀವಿ. ಹುಡುಗಿ ಕೇಳಿದ್ರೆ ನನ್ನ ತಲೆಗೆ ಕಟ್ಟಿ. ನಲವತ್ತು ಜನಾನೂ ಹಾಗೇ ಹೇಳ್ತೀವಿ ಅಂತ ಮಾತಾಗಿದೆ.”

ಅಮ್ಮ ಆಸ್ಪತ್ರೆಯ ನಂಬರು ಕೇಳಿ ಬರೆದುಕೊಂಡಳು.

ಆಸ್ಪತ್ರೆಯಲ್ಲಿ ಬೆರಳು ತೆಗೆದ ಮೇಲೆ ಮಗಳಿಗೆ ಫೋನು ಕೊಟ್ಟರು. ನಾಳೆ ಬೆಳಿಗ್ಗೆಯ ಮೊದಲ ಬಸ್ಸಿಗೇ ಹೊರಡುತ್ತೇವೆ ಎಂದು ಅಪ್ಪ ಹೇಳಿ, ಫೋನನ್ನು ಹೆಂಡತಿಯ ಕೈಗಿತ್ತ.

“ಅಮ್ಮ,” ಎಂದಳು ಮಗಳು, ಸಣ್ಣಗೆ. “ಅವರ ಸೀಟಿ ನನಗೆ ಕೇಳಿಸ್ತಿತ್ತು ಗೊತ್ತಾ. ಹತ್ತಿರಕ್ಕೆ ಬಂದಿತ್ತು. ನಾನೂ ಕೂಗಿದೆ. ಆಮೇಲೆ ಅದು ಕೆಳಗೆ ಕೆಳಗೆ ಹೋಯ್ತು. ಯಾಕೆ ವಾಪಸ್ ಹೋದ್ರು ಅಂದ್ರೆ ಯಾರೂ ಬಾಯಿ ಬಿಡ್ತಿಲ್ಲ. ಹಗ್ಗದಜ್ಜ ಏನೋ ತನ್ನ ತಪ್ಪು ಅಂತಾನೆ. ಅವನು ಸುಳ್ಳು ಹೇಳಿದ್ರೆ ನನಗೆ ಗೊತ್ತಾಗುತ್ತೆ.”

ಅಪ್ಪ ತಲೆ ಎತ್ತಿ ನೋಡಿದ. ಬೇಡ ಎಂಬಂತೆ ಕೈಯಾಡಿಸಿದ.

“ಅಜ್ಜ ಅಲ್ಲ,” ಎಂದಳು ಅಮ್ಮ. “ನಾನು.”