ಕೈಮಾತಿಗೊಂದು ಫೋನು

ಬೈಲಹೊಂಗಲದ ಬಜಾರ ರಸ್ತೆಯಲ್ಲಿರುವ ಜಟ್ಟೆಪ್ಪನ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಕಾಂತೇಶನಿಗೆ ಒಂದು ಚಟವಿತ್ತು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಇವರು ಯಾವ ಫೋನು ಕೇಳುತ್ತಾರೆಂದು ಮನಸ್ಸಿನಲ್ಲೇ ಊಹಿಸುವುದು. ಕಬ್ಬಿನ ಲಾರಿ ಓಡಿಸುವವರಿಗೆ ಚಾರ್ಜು ದಿನವಿಡೀ ನಿಲ್ಲಬೇಕು, ಕಾಲೇಜಿನವರಿಗೆ ಆಟ ತಡೆಯದೆ ಓಡಬೇಕು, ಮದುವೆ ಗೊತ್ತಾದವರಿಗೆ ಮುಖ ಬೆಳ್ಳಗೆ ಕಾಣಬೇಕು. ಊಹೆ ಬಹುಮಟ್ಟಿಗೆ ಸರಿಯಾಗುತ್ತಿತ್ತು. ತಪ್ಪಿದರೆ, ಯಾಕೆ ತಪ್ಪಿತೆಂದು ತಿಳಿಯುವವರೆಗೂ ಅವನಿಗೆ ಸಮಾಧಾನವಿರುತ್ತಿರಲಿಲ್ಲ.

ಆ ದಿನ ಇಬ್ಬರು ಹೆಂಗಸರು ಬಂದರು. ಒಬ್ಬಳು ಐವತ್ತು ದಾಟಿದವಳು, ತಲೆಯ ಮೇಲೆ ಸೆರಗು, ಕಂಕುಳಲ್ಲಿ ಕೈಚೀಲ. ಇನ್ನೊಬ್ಬಳು ಅವಳ ಮಗಳೆಂದು ಮೂಗು ನೋಡಿದರೇ ಗೊತ್ತಾಗುತ್ತಿತ್ತು. ಕೊರಳಲ್ಲಿ ಬ್ಯಾಂಕಿನ ಗುರುತಿನ ಚೀಟಿ. ಅಂಗಡಿಯ ಅತಿ ದುಬಾರಿಯಾದ ಎರಡು ಫೋನುಗಳು, ಒಂದು ಕರಿದು, ಒಂದು ನೀಲಿ, ಗಾಜಿನ ಕೆಳಗೆ ಅಕ್ಕಪಕ್ಕ ಇದ್ದವು. ಮಗಳು ನೇರವಾಗಿ ಅವುಗಳ ಮುಂದೆ ನಿಂತು ಎರಡರ ಮೇಲೂ ಬೆರಳಿಟ್ಟಳು. ತನಗೆಂದೇ ಕೊಳ್ಳುತ್ತಾಳೆ, ಹೊಸ ನೌಕರಿಯ ಉಮೇದು ಎಂದು ಕಾಂತೇಶ ಊಹಿಸಿದ. ಎರಡನ್ನೂ ಹೊರಗಿಟ್ಟು, ಬಾಯಿಪಾಠವಾಗಿದ್ದ ಮಾತು ಶುರುಮಾಡಿದ. ಅವಳು ಕೈ ಅಡ್ಡ ಮಾಡಿ, ತನ್ನ ಫೋನಿನಲ್ಲಿ ಏನೋ ಬರೆದು ತೋರಿಸಿದಳು.

‘ನನಗ ಕಿವಿ ಕೇಳಂಗಿಲ್ರಿ. ಬರದು ತೋರಿಸ್ರಿ. ಮುಂದಿನ ಕ್ಯಾಮೆರಾದ್ದಷ್ಟ ಹೇಳ್ರಿ ಸಾಕು.’

ಕಾಂತೇಶ ಬರೆಯತೊಡಗಿದ. ಕಾಲು ತಾಸು ಹೇಳುತ್ತಿದ್ದ ಮಾತು ಬರೆಯಹೊರಟರೆ ನಾಲ್ಕು ಸಾಲಿಗೆ ಮುಗಿಯಿತು. ಅದರಲ್ಲೂ ಮುಂದಿನ ಕ್ಯಾಮೆರಾದ ಬಗ್ಗೆ ಅವನಿಗೆ ಗೊತ್ತಿದ್ದದ್ದು ಒಂದೇ ಸಾಲು. ಅವನು ಒದ್ದಾಡುವುದನ್ನು ನೋಡಿ ತಾಯಿ ಮುಂದೆ ಬಂದಳು.

“ಫೋನ್ ಆಕಿಗಲ್ಲ ತಮ್ಮಾ, ನನಗ,” ಎಂದಳು.

ಊಹೆ ತಪ್ಪಿತ್ತು; ಯಾಕೆಂದು ಕಾಂತೇಶ ಕೇಳಿದ. ಅವಳ ಹೆಸರು ಶೆಟ್ಟೆವ್ವ, ಊರು ದೊಡವಾಡ. ಓದು ಬರಹ ಇಲ್ಲ. ಮಗಳು ಪ್ರಣಿತಾ ಕಿವುಡ ಮಕ್ಕಳ ಶಾಲೆಯಲ್ಲಿ ಕಲಿತು, ಪರೀಕ್ಷೆ ಪಾಸಾಗಿ, ಈಗ ರಾಮದುರ್ಗದಲ್ಲಿ ಬ್ಯಾಂಕಿನ ಕೆಲಸಕ್ಕಿದ್ದಾಳೆ. ತಾಯಿಗೆ ಬರೆಯಲು ಬಾರದು, ಮಗಳಿಗೆ ಕಿವಿ ಕೇಳದು. ಮಗಳು ಚಿಕ್ಕವಳಿದ್ದಾಗಿನಿಂದ ಇಬ್ಬರೂ ಸೇರಿ ಕೈಯಲ್ಲೇ ಒಂದು ಮಾತು ಕಟ್ಟಿಕೊಂಡಿದ್ದರು. ಶಾಲೆಯಲ್ಲಿ ಕಲಿಸುವ ಸನ್ನೆ ಬೇರೆ, ಇದು ಬೇರೆ; ಇದು ಇವರ ಮನೆಯದು. ಈಗ ಆ ಮಾತು ನಡೆಯುವುದೆಲ್ಲ ವಿಡಿಯೊ ಕಾಲಿನಲ್ಲಿ. ಆದರೆ ಶೆಟ್ಟೆವ್ವನ ಹಳೆಯ ಫೋನಿನಲ್ಲಿ ಹೊತ್ತು ಮುಳುಗಿದ ಮೇಲೆ ಅವಳ ಕೈ ಕೈಯಾಗಿ ಕಾಣುತ್ತಿರಲಿಲ್ಲವಂತೆ, ಹೊಗೆಯಂತೆ ಕಾಣುತ್ತಿತ್ತಂತೆ.

ಶೆಟ್ಟೆವ್ವ ಒಂದು ಸಂಗತಿ ಹೇಳಿದಳು. ಒಂದು ಸಂಜೆ ಮನೆಯ ಎಮ್ಮೆ ಕರು ಹಾಕಿತು. ಅವಳು ಖುಷಿಯಿಂದ ಮಗಳಿಗೆ ಫೋನು ಮಾಡಿ, ತಲೆಯ ಎರಡೂ ಕಡೆ ಬೆರಳು ಬಗ್ಗಿಸಿ ಕೋಡು ತೋರಿಸಿದಳು, ಹೊಟ್ಟೆಯಿಂದ ಕೆಳಗೆ ಕೈ ಜಾರಿಸಿದಳು. ಹೊಗೆಯಲ್ಲಿ ಕೋಡು ಕಾಣಲಿಲ್ಲ. ಮಗಳಿಗೆ ಕಂಡದ್ದು ತಲೆ ಮುಟ್ಟಿಕೊಂಡ ಕೈ, ಕೆಳಗೆ ಬಿದ್ದ ಕೈ. ಅಪ್ಪ ಬಿದ್ದು ತಲೆಗೆ ಪೆಟ್ಟಾಗಿದೆ ಎಂದುಕೊಂಡಳು. ಅಣ್ಣನಿಗೆ ಮೆಸೇಜ್ ಹಾಕಿದರೆ ಅವನು ಸಕ್ಕರೆ ಕಾರ್ಖಾನೆಯ ಪಾಳಿಯಲ್ಲಿದ್ದ, ನೋಡಲೇ ಇಲ್ಲ. ಬೆಳಗಿನ ಮೊದಲ ಬಸ್ಸು ಹಿಡಿದು ದೊಡವಾಡಕ್ಕೆ ಓಡಿ ಬಂದಳು. “ಬಂದು ನೋಡಿದ್ರ, ಅಪ್ಪ ಕಟ್ಟಿ ಮ್ಯಾಲ ಕುಂತು ಗಿಣ್ಣ ತಿನ್ನಾಕತ್ತಿದ್ದ,” ಎಂದು ಶೆಟ್ಟೆವ್ವ ನಕ್ಕಳು. ಮಗಳು ಮಾತ್ರ ಅಂದು ನಕ್ಕಿರಲಿಲ್ಲ. ಬಾಗಿಲಲ್ಲೇ ಕೂತು ಅತ್ತಿದ್ದಳು. ಆಮೇಲೆ, ಮೊದಲ ವರ್ಷದ ಸಂಬಳದಲ್ಲಿ ಉಳಿಸಿದ್ದು ಅವ್ವನ ಫೋನಿಗೇ ಎಂದು ತೀರ್ಮಾನಿಸಿದಳು.

ಅಡುಗೆಮನೆಗೆ ಒಂದು ದೊಡ್ಡ ಬಲ್ಬ್ ಹಾಕಿದರೆ ಸಾಲದೇ ಎಂದು ಕಾಂತೇಶ ಕೇಳಿದ. ಅದನ್ನೂ ಮಾಡಿ ನೋಡಿದ್ದರು. ಶೆಟ್ಟೆವ್ವ ಸಂಜೆ ಅಡುಗೆಮನೆಯಲ್ಲೇ ಇರುವ ಹೆಂಗಸಲ್ಲ. ಕೊಟ್ಟಿಗೆಯಲ್ಲಿರುತ್ತಾಳೆ, ಓಣಿಯಲ್ಲಿರುತ್ತಾಳೆ, ಎಲ್ಲಿರುತ್ತಾಳೋ ಅಲ್ಲಿಂದ ಮಾತು.

ಜಟ್ಟೆಪ್ಪ ಹಣದ ಗಲ್ಲೆಯಲ್ಲಿ ಕೂತಲ್ಲಿಂದಲೇ, ಊರಲ್ಲಿರುವ ಹೆಂಗಸಿಗೆ ಇಷ್ಟು ದೊಡ್ಡ ಫೋನು ಯಾಕೆ, ನಡುವಿನದೊಂದು ಕೊಡು ಎಂದ. ಕಾಂತೇಶ ಅದನ್ನೂ ತೋರಿಸಿದ. ಪ್ರಣಿತಾ ಅದರಿಂದ ತನ್ನ ಫೋನಿಗೆ ವಿಡಿಯೊ ಕಾಲು ಹಚ್ಚಿ, ಅದರ ಮುಂದೆ ಕೈ ಬೇಗಬೇಗ ಆಡಿಸಿ, ತನ್ನ ಪರದೆ ನೋಡಿ, ಬೇಡವೆಂದು ತಲೆಯಾಡಿಸಿ ಬದಿಗಿಟ್ಟಳು.

ಪರೀಕ್ಷೆ ಹೇಗೆ ಮಾಡಬೇಕೆಂದು ಅವಳು ಮೊದಲೇ ಯೋಚಿಸಿ ಬಂದಿದ್ದಳು. ಅಂಗಡಿಯ ಹಿಂದೆ ಖಾಲಿ ಡಬ್ಬಿಗಳನ್ನಿಡುವ ಕೋಣೆ. ಅಲ್ಲಿ ಮಬ್ಬು ಬೆಳಕು. ಶೆಟ್ಟೆವ್ವ ಅಲ್ಲಿ ನಿಂತು ಹೊಸ ಫೋನಿನಿಂದ ಮಾತಾಡುವುದು, ಪ್ರಣಿತಾ ಅಂಗಡಿಯ ಮುಂಭಾಗದಲ್ಲಿ ಕೂತು ತನ್ನ ಫೋನಿನಲ್ಲಿ ನೋಡುವುದು. ಕೈಯಲ್ಲಿ ಫೋನು ಹಿಡಿದರೆ ಅರ್ಧ ಮಾತು ಹೋಯಿತಲ್ಲ, ಎರಡೂ ಕೈ ಬೇಕು. ಹಾಗಾಗಿ ಕಾಂತೇಶ ಡಬ್ಬಿ ಜೋಡಿಸಿ ಅದಕ್ಕೊರಗಿಸಿ ನಿಲ್ಲಿಸಿದ.

ಮೊದಲು ನೀಲಿ ಫೋನು. ಶೆಟ್ಟೆವ್ವ ಮಾತಾಡತೊಡಗಿದಳು. ಕಾಂತೇಶ ಇಷ್ಟು ಮಾತನ್ನು ಇಷ್ಟು ಸದ್ದಿಲ್ಲದೆ ಎಂದೂ ಕಂಡಿರಲಿಲ್ಲ. ಕೈ ಎದೆಯಿಂದ ಹಾರಿತು, ಹೆಗಲಿಗೆ ಕೂತಿತು, ಹುಬ್ಬು ಮೇಲೇರಿತು, ಕೆನ್ನೆ ಉಬ್ಬಿತು. ಏನು ಹೇಳುತ್ತಿದ್ದಾಳೆಂದು ತಿಳಿಯಲೇಬೇಕೆನಿಸಿತು. ಮುಂಭಾಗಕ್ಕೆ ಓಡಿ ಪ್ರಣಿತಾಳ ಪರದೆ ನೋಡಿದ. ಅಲ್ಲಿ ಶೆಟ್ಟೆವ್ವನ ಮುಖ ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಅವಳು ಅಲುಗಿದಂತೆಲ್ಲ ಫೋನು ಮುಖವನ್ನೇ ಹಿಂಬಾಲಿಸುತ್ತ ಹತ್ತಿರ ಹತ್ತಿರ ತರುತ್ತಿತ್ತು, ಕೈಗಳೆರಡೂ ಚೌಕಟ್ಟಿನ ಹೊರಗೆ. ಗಿರಾಕಿಗಳ ಮುಂದೆ ಅವನು ಬಹಳ ಹೊಗಳಿ ಹೇಳುತ್ತಿದ್ದ ಸೌಲಭ್ಯ ಅದು. ಪ್ರಣಿತಾ ಬೇಡವೆಂದು ಕೈ ಝಾಡಿಸಿದಳು.

ಕರಿ ಫೋನು ಇಟ್ಟರು. ಅದು ಮುಖ ಬಿಟ್ಟು ಹಿಂದಿನದನ್ನೆಲ್ಲ ಮಂಜು ಮಾಡುತ್ತಿತ್ತು. ಡಬ್ಬಿಗಳು ಮಾಯವಾದವು, ಒಳ್ಳೆಯದೇ. ಆದರೆ ಶೆಟ್ಟೆವ್ವ ಕೈ ಚಾಚಿದಾಗ ಅದೂ ಡಬ್ಬಿಯೇ ಎಂದುಕೊಂಡು ಮೊಣಕೈಯಿಂದಾಚೆ ನುಂಗಿಬಿಟ್ಟಿತು.

ಜಟ್ಟೆಪ್ಪ ಗಡಿಯಾರ ನೋಡಿದ. ಕಾಂತೇಶನಿಗೆ ಮಾತ್ರ ಬಿಡಲು ಮನಸ್ಸಾಗಲಿಲ್ಲ. ಅಂಗಡಿಯ ಅತಿ ಜಾಣ ಫೋನುಗಳೆರಡೂ ಒಬ್ಬ ತಾಯಿಯ ಕೈ ತೋರಿಸಲು ಸೋತಿವೆಯೆಂದರೆ, ಒತ್ತಿ ಸರಿಪಡಿಸುವ ಗುಂಡಿಯೊಂದು ಎಲ್ಲೋ ಇದ್ದೀತು. ನೆಲದ ಮೇಲೆ ಕೂತು ಸೆಟ್ಟಿಂಗ್ಸಿನೊಳಗೆ ಇಳಿದ. ಆರು ವರ್ಷ ಮಾರಿದರೂ ಒಮ್ಮೆಯೂ ತೆರೆಯದ ಬಾಗಿಲುಗಳಿದ್ದವು ಅಲ್ಲಿ. ನೀಲಿ ಫೋನಿನಲ್ಲಿ ಮುಖದ ಬೆನ್ನು ಹತ್ತುವುದನ್ನು ನಿಲ್ಲಿಸಿದ. ಕರಿ ಫೋನಿನಲ್ಲಿ ಮಂಜು ತೆಗೆದ. ಶೆಟ್ಟೆವ್ವ ಪಕ್ಕದಲ್ಲಿ ಬಗ್ಗಿ ನೋಡುತ್ತ, ಜಾಣತನ ಕಡಿಮೆ ಮಾಡಿದರೇ ಛಲೋ ಆಗುವುದೇ ಎಂದು ಕೇಳಿದಳು. ಹೌದೆನ್ನದೆ ಅವನಿಗೆ ಗತಿಯಿರಲಿಲ್ಲ.

ಮತ್ತೆ ಪರೀಕ್ಷೆ. ಈ ಸಲ ಎರಡರಲ್ಲೂ ಕೈ ಕಂಡವು. ಕರಿ ಫೋನಿನಲ್ಲಿ ಆ ಕೋಣೆ ಹಗಲಿನಷ್ಟು ಬೆಳಕಾಗಿ ಕಂಡಿತು, ಸೀರೆಯ ಅಂಚಿನ ಬಣ್ಣವೂ ಸ್ಪಷ್ಟ. ನೀಲಿಯಲ್ಲಿ ಕೋಣೆ ಮಬ್ಬಾಗಿಯೇ ಇತ್ತು. ಕರಿದೇ ಗೆದ್ದಿತೆಂದು ಕಾಂತೇಶ ಅದರ ಡಬ್ಬಿ ತೆಗೆಯಲು ಎದ್ದ. ಪ್ರಣಿತಾ ಅವನ ತೋಳು ಮುಟ್ಟಿ ನಿಲ್ಲಿಸಿ, ಅವ್ವನಿಗೆ ಬೇಗ ಮಾತಾಡೆಂದು ಸನ್ನೆ ಮಾಡಿದಳು. ಶೆಟ್ಟೆವ್ವ ಬೇಗ ಮಾಡಿದಳು. ಕರಿ ಫೋನಿನಲ್ಲಿ ಪ್ರತಿ ಬೆರಳಿನ ಹಿಂದೆ ಒಂದು ಬಾಲ ಎಳೆದಂತಾಯಿತು. ಐದು ಬೆರಳು ಕೂಡಿ ಬೀಸಣಿಕೆಯಾದವು. ಮಬ್ಬಾಗಿದ್ದ ನೀಲಿಯಲ್ಲಿ ಬೆರಳು ಬೆರಳಾಗಿಯೇ ಉಳಿದವು.

ಅವಳು ಬರೆದಳು: ‘ಕತ್ತಲಿದ್ರೂ ನಡೀತೈತಿ. ಬೆರಳು ಬ್ಯಾರೆ ಬ್ಯಾರೆ ಕಾಣಬೇಕು.’

ಬೆಳಕೇ ಮೇಲೆಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದ ಕಾಂತೇಶ ಎರಡೂ ಫೋನುಗಳನ್ನು ಮತ್ತೆ ಒಂದೊಂದಾಗಿ ಹಚ್ಚಿ ನೋಡಿದ. ಬೆಳಕು ತುಂಬಿಕೊಳ್ಳಲು ಕ್ಯಾಮೆರಾ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಅಷ್ಟರಲ್ಲಿ ಕೈ ಮುಂದೆ ಹೋಗಿರುತ್ತದೆ ಎಂದು ಅವನಿಗೆ ನಿಧಾನಕ್ಕೆ ಹೊಳೆಯಿತು.

ನೀಲಿಯನ್ನೇ ಕಟ್ಟಿಕೊಟ್ಟ. ಹಣ ಕೊಡುವಾಗ ತಾಯಿ ಮಗಳು ಅವನತ್ತ ನೋಡಿ ಏನೋ ಸನ್ನೆ ಮಾಡಿ ನಕ್ಕರು. ತಡೆಯಲಾರದೆ ಕೇಳಿಯೇಬಿಟ್ಟ.

“ಆ ಕ್ವಾಣ್ಯಾಗ ನಿಂತು ಅಷ್ಟ ಹೊತ್ತ ಏನ ಹೇಳಿದ್ರಿ ಅವ್ವಾರ?”

“ಬರುವಾಗ ಬಸ್ಸಿನ್ಯಾಗ ಒಬ್ಬಾಕಿಯ ಕೋಳಿ ಚೀಲದಾಗಿಂದ ಹಾರಿ ಕಂಡಕ್ಟರನ ಹೆಗಲ ಮ್ಯಾಲ ಕುಂತಿತ್ತು. ಅಂವಾ ಅದಕ್ಕೂ ತಿಕೀಟ ತಗೀರಿ ಅಂದ. ಅದನ್ನ.”

“ಈಗ ನಕ್ಕದ್ದು?”

“ನಿನಗೊಂದು ಹೆಸರ ಇಟ್ಟೇವಿ,” ಎಂದು ಶೆಟ್ಟೆವ್ವ ತನ್ನ ಕಿವಿಯ ಹಾಲೆಯನ್ನು ಎರಡು ಸಲ ಎಳೆದು ತೋರಿಸಿದಳು. ವಿಚಾರ ಮಾಡುವಾಗ ತಾನು ಹಾಗೆ ಮಾಡುತ್ತೇನೆಂದು ಕಾಂತೇಶನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಅವರು ಹೋದ ಮೇಲೆ ನೋಡಿದರೆ ಚಾರ್ಜರು ಮೇಜಿನ ಮೇಲೆಯೇ ಉಳಿದಿತ್ತು. ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಓಡಿದ. ದೊಡವಾಡದ ಬಸ್ಸಿನ ಕಿಟಕಿಯಲ್ಲಿ ಶೆಟ್ಟೆವ್ವ ಇದ್ದಳು, ಚಾರ್ಜರು ಕೊಟ್ಟ. ರಾಮದುರ್ಗದ ಬಸ್ಸು ಆಚೆ ಬದಿಗೆ ನಿಂತಿತ್ತು. ಅದರ ಕಿಟಕಿಯಿಂದ ಪ್ರಣಿತಾ, ಇದರ ಕಿಟಕಿಯಿಂದ ಅವ್ವ, ನಡುವೆ ಜನ, ಹಾರ್ನು, ಕೂಗಾಟ. ಇಬ್ಬರ ಮಾತಿಗೂ ಯಾವುದೂ ಅಡ್ಡಿಯಾಗಲಿಲ್ಲ. ದೊಡವಾಡದ ಬಸ್ಸು ಹೊರಟಿತು. ಶೆಟ್ಟೆವ್ವ ಹೊಸ ಫೋನು ತೆಗೆದು ಮಗಳಿಗೆ ವಿಡಿಯೊ ಕಾಲು ಹಚ್ಚಿ, ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸಿನ ಕೈಗೆ ಕೊಟ್ಟು, ಹೀಗೆ ಹಿಡಿ ಎಂದು ತೋರಿಸಿದ್ದು ಕಿಟಕಿಯಲ್ಲಿ ಕಂಡಿತು. ಆ ಹೆಂಗಸು ಹಿಡಿದಳು. ಆಮೇಲೆ ಅವಳೂ ಪರದೆಯೊಳಗೆ ಬಗ್ಗಿ ಒಂದು ಕೈ ಆಡಿಸಿ ನೋಡಿದಳು.

ಕೆಲವು ದಿನ ಕಳೆದು, ಕಾಂತೇಶ ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ, ಬಿಲ್ಲಿನ ಮೇಲೆ ಬರೆದುಕೊಟ್ಟಿದ್ದ ಅವನ ನಂಬರಿಗೆ ಪ್ರಣಿತಾಳ ಮೆಸೇಜ್ ಬಂತು. ‘ಎಲ್ಲಾ ಕಾಣತೈತಿ. ಅಪ್ಪಗ ಇಷ್ಟ ವರ್ಷ ನಮ್ಮ ಕೈಮಾತ ಬರತಿದ್ದಿಲ್ಲ. ಈಗ ಅವ್ವ ಮಾತ ನಿಲ್ಲಸವಲ್ಲಳಂತ ಹಿಂದ ನಿಂತು, ಊಟ ಯಾವಾಗ ಅಂತ ತಾನೂ ಕೈ ಮಾಡತಾನ. ತಪ್ಪ ಮಾಡತಾನ, ಆದ್ರ ಮಾಡತಾನ.’

ಕಾಂತೇಶ ಓದಿ ನಕ್ಕ. ಊಟ ಅನ್ನಲು ಕೈ ಹೇಗೆ ಮಾಡಬೇಕೆಂದು ಕೇಳಿ ತಿರುಗಿ ಬರೆದ. ಉತ್ತರ ಬರೆದು ಬರಲಿಲ್ಲ. ವಿಡಿಯೊ ಕಾಲೇ ಬಂತು. ಅವನು ಫೋನನ್ನು ಬುತ್ತಿಯ ಡಬ್ಬಿಗೆ ಒರಗಿಸಿಟ್ಟು, ತನ್ನ ಎರಡೂ ಕೈ ಪರದೆಯಲ್ಲಿ ಕಾಣುವವರೆಗೆ ಹಿಂದೆ ಸರಿದ.