ಉಪದೇಶಿ ಕಟ್ಟಿದ ಗಂಟು

"ಕೂರ್ಸದೋ ಮಲಗ್ಸದೋ ಸ್ವಾಮಿ? ಮೊದ್ಲೇ ಹೇಳ್ಬುಡಿ," ಗುಂಡಿಯೊಳಗೆ ಹಾರೆ ಊರಿ ನಿಂತು ಕ್ಯಾತಪ್ಪ ಕೇಳಿದ.

"ಮಲಗ್ಸದು ಕಣ್ಲಾ. ಕೂರ್ಸದು ನಮ್ಮೋರನ್ನ. ಉಪದೇಶಿಗಳು ಆರಡಿ ಆಳು, ಇನ್ನೊಂದು ಗೇಣು ಉದ್ದ ತಗಿ," ಎಂದ ತೋಂಟದಾರ್ಯ ಪಂಚೆ ಎತ್ತಿ ಕಟ್ಟಿ ತಾನೂ ಕೆಳಗಿಳಿದ. ಅಡ್ಡ ಬಂದ ತೆಂಗಿನ ಬೇರುಗಳನ್ನು ಮಚ್ಚಿನಿಂದ ಕತ್ತರಿಸತೊಡಗಿದ. ಬೇಲಿಯಾಚೆಯ ಅವನದೇ ತೋಟದ ಬೇರುಗಳು ಅವು.

ಹಂದನಕೆರೆ ಕಡೆಯ ಆ ಸಣ್ಣ ಚರ್ಚಿನಲ್ಲಿ ಮೂವತ್ತಾರು ವರ್ಷ ಉಪದೇಶಿಯಾಗಿದ್ದ ಸಮಾಧಾನಪ್ಪನವರು ಹಿಂದಿನ ಸಂಜೆ ತೀರಿಕೊಂಡಿದ್ದರು. ಸಭೆಯಲ್ಲಿ ಉಳಿದವರೆಲ್ಲ ವಯಸ್ಸಾದವರೇ, ಹಾರೆ ಹಿಡಿಯುವ ಕೈಗಳಿರಲಿಲ್ಲ. ತೋಂಟದಾರ್ಯ ಯಾರೂ ಕರೆಯುವ ಮೊದಲೇ ಆಳು ಕಟ್ಟಿಕೊಂಡು ಬಂದಿದ್ದ.

ತುಮಕೂರಿನಿಂದ ಬಂದ ಪಾದ್ರಿ ಎಳೆಯ ವಯಸ್ಸಿನವರು. ಈ ಕಡೆಗೆ ವರ್ಗವಾಗಿ ಎರಡು ತಿಂಗಳಾಗಿತ್ತಷ್ಟೆ. ಗುಂಡಿಯ ಅಂಚಿಗೆ ಬಂದು ಬಗ್ಗಿದರು.

"ನೀವು ಅವರನ್ನ ಚೆನ್ನಾಗಿ ಬಲ್ಲವರಂತೆ. ಪ್ರಸಂಗದಲ್ಲಿ ಏನಾದ್ರೂ ಹೇಳ್ಬೇಕು ನಾನು. ಅವರಿಂದ ಎಷ್ಟು ಮನೆಯೋರು ಸಭೆಗೆ ಸೇರಿದ್ರು?"

ತೋಂಟದಾರ್ಯ ಬೆವರು ಒರೆಸಿಕೊಂಡ. "ಅವ್ರು ಬಂದಾಗ ಐದ್ಮನೆ ಇತ್ತು ಪಾದ್ರಿಗಳೆ. ಈಗ್ಲೂ ಐದೇ."

ಪಾದ್ರಿ "ಹೌದಾ" ಎಂದು ಚರ್ಚಿನ ಕಡೆ ನಡೆದರು. ಗೆಳೆಯನ ಮರ್ಯಾದೆಯನ್ನು ತಾನೇ ಕಳೆದೆನೇನೋ ಎಂದು ತೋಂಟದಾರ್ಯನಿಗೆ ಸಂಕಟವಾಯಿತು. ಹೇಳಬಹುದಾದ ಒಂದು ಮಾತು ಅವನಲ್ಲಿತ್ತು. ಆದರೆ ಅದನ್ನು ಹೇಳಿದರೆ ಚರ್ಚಿನವರ ಕಣ್ಣಲ್ಲಿ ಉಪದೇಶಿಗಳ ಹೆಸರು ಕೆಟ್ಟೀತು. ಮಚ್ಚೆತ್ತಿ ಮತ್ತೊಂದು ಬೇರಿಗೆ ಹಾಕಿದ.

* * *

ಸಮಾಧಾನಪ್ಪನವರು ಊರಿಗೆ ಬಂದ ವರ್ಷವೇ ಇಬ್ಬರಿಗೂ ಜಗಳವಾಗಿತ್ತು. ಕೊಬ್ಬರಿ ಸುಲಿಯುವ ಕಡೆ ಬಂದು, "ಕಲ್ಲಿಗೆ ಕಿವಿ ಅದ್ಯಾ ಯಜಮಾನ್ರೆ?" ಎಂದು ಬೋಧನೆಗೆ ನಿಂತವರನ್ನು ತೋಂಟದಾರ್ಯ ಕುತ್ತಿಗೆ ಹಿಡಿದು ದಬ್ಬಿದ್ದ. ಮಾರನೆಯ ಬೆಳಿಗ್ಗೆ ಅವರು ತಾವಾಗಿಯೇ ಬಂದು, "ಸೊಕ್ಕಿನ ಮಾತಾಡ್ಬುಟ್ಟೆ, ಮನಸ್ಸಿಗೆ ಹಚ್ಕೋಬೇಡಿ," ಎಂದು ಹೋಗಿದ್ದರು.

ಆಮೇಲೆ ಎಷ್ಟೋ ವರ್ಷಕ್ಕೆ ತೋಂಟದಾರ್ಯನ ತಂದೆ ಮರುಳಸಿದ್ದಯ್ಯನವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಭಾರಿ ಆಳು, ಎತ್ತಿ ಕೂರಿಸಲು ಒಬ್ಬರಿಂದಾಗದು. ಉಪದೇಶಿಗಳು ದಿನಾ ಬೆಳಿಗ್ಗೆ ಬಂದು ಕೈಜೋಡಿಸಿದರು, ಮೈ ತೊಳೆಸಿದರು. ಇವತ್ತು ಬೋಧನೆ ಶುರುಮಾಡುತ್ತಾರೆ, ನಾಳೆ ಮಾಡುತ್ತಾರೆ ಎಂದು ತೋಂಟದಾರ್ಯ ಕಾದ. ಹನ್ನೊಂದು ತಿಂಗಳೂ ಅವರು ಮಾಡಲಿಲ್ಲ.

ಒಂದು ದಿನ ತೋಂಟದಾರ್ಯ ಹುಳಿಯಾರು ಸಂತೆಯಿಂದ ಮರಳಿದಾಗ ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟ. ಮುದುಕರ ಕೊರಳಿನ ಲಿಂಗದ ದಾರ ಹಿಂದಿನ ದಿನ ಅವನು ಸಂತೆಗೆ ಹೊರಟ ಮೇಲೆ ಜೀರ್ಣವಾಗಿ ಹರಿದಿತ್ತು. ಲಿಂಗವನ್ನು ಎಡ ಮುಷ್ಟಿಯಲ್ಲಿ ಹಿಡಿದು ಅವರು ಮಗುವಿನ ಹಾಗೆ ಬಿಕ್ಕುತ್ತಿದ್ದರು. ಉಪದೇಶಿಗಳು ಹೊಸ ದಾರಕ್ಕೆ ಲಿಂಗವಿಡುವ ಕರಡಿಗೆಯನ್ನು ಸಿಕ್ಕಿಸಿ ಅವರ ಕೊರಳಿಗೆ ಕಟ್ಟುತ್ತಿದ್ದರು.

"ಗಂಟು ಬಿಗೀತಾ ಅದ್ಯಾ ಯಜಮಾನ್ರೆ?"

ಮುದುಕರು ಇಲ್ಲವೆಂದು ತಲೆಯಾಡಿಸಿದರು.

ಹೊರಗೆ ಬಂದಾಗ ತೋಂಟದಾರ್ಯ ಕೇಳಿದ: "ಉಪದೇಶಿಗಳೆ, ನಿಮ್ಮೋರಿಗೆ ಗೊತ್ತಾದ್ರೆ ಕೆಲ್ಸ ಉಳೀತದಾ?"

"ಏನೋ ಕಣ್ರೀ. ಯಜಮಾನ್ರು ಅಳ್ತಿದ್ರು. ನಂಗೆ ಬೇರೇನೂ ಹೊಳೀಲಿಲ್ಲ," ಎಂದು ಅವರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಹೊರಟರು.

* * *

ಚರ್ಚಿನಲ್ಲಿ ಪಾದ್ರಿಯ ಪ್ರಸಂಗ ಬೇಗ ಮುಗಿಯಿತು. ಯಾವ ಉಪದೇಶಿ ಸತ್ತರೂ ಹೇಳಬಹುದಾದ ಮಾತುಗಳು. "ಬೇರೆ ಯಾರಾದ್ರೂ ಮಾತಾಡೋದಿದ್ರೆ..." ಎಂದರು. ಯಾರೂ ಏಳಲಿಲ್ಲ.

ಪೆಟ್ಟಿಗೆಯ ಪಕ್ಕ ಕೂತಿದ್ದ ಉಪದೇಶಿಗಳ ಹೆಂಡತಿ ಬೋರಮ್ಮ ಬಾಗಿಲ ಕಡೆ ತಿರುಗಿದರು. ಅಲ್ಲಿ ಚಪ್ಪಲಿ ಬಿಟ್ಟು ತೋಂಟದಾರ್ಯ ನಿಂತಿದ್ದ.

"ಅಣ್ಣಾ, ನೀವು ಹೇಳಿ. ದಾರದ ವಿಷ್ಯ ಹೇಳಿ."

ತೋಂಟದಾರ್ಯ ಬೆಚ್ಚಿದ. "ನಿಂಗೆ ಗೊತ್ತಿತ್ತಾ ತಾಯಿ?"

"ಅದನ್ನ ಹೊಸೆದುಕೊಟ್ಟೋಳೇ ನಾನು. ತೆಳ್ಳಗೆ ಹೊಸೀಬೇಡ ಕಣೇ, ಮುದುಕರ ಕತ್ತು ಕುಯ್ತದೆ ಅಂತ ಎರಡು ಸಲ ಬಿಚ್ಚಿಸಿದ್ರು."

ಅವನು ಒಳಗೆ ಬಂದು ಹೇಳಿದ. ನಿಂತು ಮಾತಾಡಿ ಅಭ್ಯಾಸವಿಲ್ಲದವನು ತಡವರಿಸಿದ. ಕತ್ತು ಹಿಡಿದು ದಬ್ಬಿದ್ದನ್ನೂ ಬಿಡದೆ ಹೇಳಿದ. ಮುಗಿಸಿ, "ತಪ್ಪಾಗಿದ್ರೆ ಅದು ನಮ್ಮನೇದು, ಅವರದ್ದಲ್ಲ," ಎಂದು ಕೈ ಮುಗಿದ. ಐದು ಮನೆಯ ಜನ ತಲೆ ತಗ್ಗಿಸಿ ಕೂತಿದ್ದರು. ಪಾದ್ರಿ ಪ್ರಾರ್ಥನೆಯ ಪುಸ್ತಕ ಮುಚ್ಚಿಟ್ಟರು. ಬೋರಮ್ಮನೇ ಮೆಲ್ಲಗೆ ಕೀರ್ತನೆ ಎತ್ತಿಕೊಂಡರು.

ಪೆಟ್ಟಿಗೆ ಇಳಿಸಿ ಆಯಿತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಕ್ಯಾತಪ್ಪ ಸನಿಕೆ ಹಿಡಿಯಲು ಹೋದರೆ ಪಾದ್ರಿ, "ಇಲ್ಲಿ ಕೊಡಪ್ಪ," ಎಂದು ಇಸಿದುಕೊಂಡರು. ಬಿಳಿ ನಿಲುವಂಗಿಯ ಅಂಚನ್ನೆತ್ತಿ ಸೊಂಟಕ್ಕೆ ಸಿಕ್ಕಿಸಿದರು. ಎದುರು ಬದಿಯಲ್ಲಿ ತೋಂಟದಾರ್ಯ ಗುದ್ದಲಿಯಿಂದ ಎಳೆಯುತ್ತಿದ್ದ.

"ಮೆತ್ತಗೆ," ಎಂದರು ಬೋರಮ್ಮ, "ತಲೆ ಕಡೆ ಮೆತ್ತಗೆ."

ಇಬ್ಬರೂ ಒಟ್ಟಿಗೇ ಬಗ್ಗಿ, ಹೆಂಟೆಗಳನ್ನು ಕೈಯಲ್ಲೇ ಪುಡಿಮಾಡಿ ಉದುರಿಸತೊಡಗಿದರು.