ಮೋತ್ಯಾನ ಎದೆಯ ಮೂರನೆಯ ಸದ್ದು

ನಾನು ಒಂದು ಸ್ಟೆತೊಸ್ಕೋಪು. ಎರಡು ಕಿವಿ, ಒಂದು ಕರಿಯ ರಬ್ಬರ್ ನಾಳ, ತುದಿಗೊಂದು ಉಕ್ಕಿನ ಬಿಲ್ಲೆ, ಇಷ್ಟೇ ನನ್ನ ದೇಹ. ಬಾಯಿಯನ್ನು ನನಗೆ ಕೊಡಲೇ ಇಲ್ಲ. ಹುಟ್ಟಿದ ಕಾರ್ಖಾನೆಯ ಹೆಸರು ನೆನಪಿಲ್ಲ, ಊರೂ ನೆನಪಿಲ್ಲ. ನೆನಪಿರುವುದು ಒಬ್ಬ ಹೆಂಗಸು. ನಾಳಕ್ಕೆ ಬಿಲ್ಲೆ ಕೂರಿಸಿದ ಅವಳು, ನಾನು ಸರಿಯಾಗಿದ್ದೇನೋ ಇಲ್ಲವೋ ನೋಡಲು ನನ್ನನ್ನು ತನ್ನ ಎದೆಗೇ ಒತ್ತಿಕೊಂಡಳು. ಲಬ್-ಡಬ್, ಲಬ್-ಡಬ್. ನಾನು ಕೇಳಿದ ಮೊದಲ ಮಾತು ಅದು. ಯಾರ ಅಪ್ಪಣೆಗೂ ಕಾಯದೆ, ಒಂದು ಗಳಿಗೆಯೂ ಕೂರದೆ, ಒಳಗೆ ಇದನ್ನು ಬಡಿಯುತ್ತಿರುವುದು ಯಾರಪ್ಪಾ ಎಂದು ಬೆಪ್ಪಾಗಿಬಿಟ್ಟೆ. ಆ ಬೆರಗು ಇವತ್ತಿಗೂ ಇಳಿದಿಲ್ಲ.

ನನ್ನನ್ನು ಮೊದಲು ಕೊಂಡವರು ಬೆಳಗಾವಿ ಜಿಲ್ಲೆಯ ಒಂದು ಸಣ್ಣ ಊರಿನ ಡಾಕ್ಟರು, ಅಣ್ಣಾಸಾಹೇಬರು. ಅವರ ಕೊರಳಲ್ಲಿ ನೇತಾಡುತ್ತ ನಾನು ಮನುಷ್ಯರ ವಿದ್ಯೆ ಕಲಿತೆ. ತಂಬಾಕಿನ ಗೋದಾಮಿನಲ್ಲಿ ದುಡಿಯುವ ಹೆಂಗಸರು ಬಂದು "ಏನೂ ಇಲ್ರಿ, ಬರೇ ಕೆಮ್ಮು" ಅನ್ನುವರು. ಅವರ ಎದೆ ನನಗೆ ಬೇರೆಯೇ ಕಥೆ ಹೇಳುವುದು. ಹೊಟ್ಟೆಯೊಳಗಿನ ಕೂಸಿನ ಗುಂಡಿಗೆಯನ್ನು ಮೊದಲ ಸಲ ಕೇಳಿದ ದಿನವಂತೂ ನನಗೆ ಬೇರೆ ಯಾವುದೂ ಕೇಳಿಸಲಿಲ್ಲ. ಇನ್ನೂ ಹೆಸರಿಲ್ಲ, ಮುಖ ಕಂಡವರಿಲ್ಲ, ಆದರೂ ಎಷ್ಟು ಅವಸರ ಅದಕ್ಕೆ!

ಅಣ್ಣಾಸಾಹೇಬರಿಗೆ ಕಿವಿ ಮಂದವಾದಾಗ ಅವರು ನನ್ನನ್ನು ತಂಗಿಯ ಮಗಳು ಸುಲೋಚನಾಗೆ ಕೊಟ್ಟರು. ಆಕೆ ದನದ ಡಾಕ್ಟರು. ಸಗಣಿ, ಗಂಜಲ, ಉಣ್ಣೆಹುಳು ಎಂದು ನಾನು ಮೊದಮೊದಲು ಮೂಗು ಮುರಿದೆ. ಇಲ್ಲದ ಮೂಗನ್ನು ಮುರಿಯುವುದರಲ್ಲಿ ನಾನು ಜಾಣ. ಆದರೆ ಒಂದು ಎಮ್ಮೆಯ ಪಕ್ಕೆಗೆ ನನ್ನನ್ನು ಇಟ್ಟ ದಿನ ನನ್ನ ಠೇಂಕಾರ ಇಳಿಯಿತು. ದೂರದ ಮನೆಯಲ್ಲಿ ಯಾರೋ ನಿಧಾನಕ್ಕೆ ಒರಳಲ್ಲಿ ಕುಟ್ಟಿದಂತೆ ಅದರ ಎದೆ ನಡೆಯುತ್ತಿತ್ತು. ಕೋಳಿಮರಿಯದು ಎಣಿಸಲಾಗದಷ್ಟು ಚುರುಕು. ದೊಡ್ಡ ಮೈಗೆ ನಿಧಾನ, ಚಿಕ್ಕ ಮೈಗೆ ಓಟ. ಯಾರು ಕಲಿಸಿದರು ಇವಕ್ಕೆಲ್ಲ ಈ ಲೆಕ್ಕ?

ಸುಲೋಚನಾ ಅವರದು ಜೈನರ ಮನೆ. ಮನೆಯ ಹಿರಿಯರು ಅವರ ಅತ್ತೆ ಚಂದನವ್ವ. ನೀರು ಸೋಸದೆ ಕುಡಿಯದವರು, ಹೊತ್ತು ಮುಳುಗಿದ ಮೇಲೆ ಒಂದು ಅಗುಳನ್ನೂ ಬಾಯಿಗಿಡದವರು. ಸೊಸೆಯ ಕೆಲಸದ ಬಗ್ಗೆ ಅವರಿಗೆ ಹೆಮ್ಮೆಯಿತ್ತು, ಸೊಸೆಯ ಚೀಲದ ಬಗ್ಗೆ ಇರಲಿಲ್ಲ. ರಕ್ತ ಮುಟ್ಟಿದ್ದು, ಚರ್ಮ ಮುಟ್ಟಿದ್ದು ಹೊಸ್ತಿಲು ದಾಟಬಾರದು. ಹಾಗಾಗಿ ಮನೆಯ ಮುಂದಿನ ಕಟ್ಟೆಯ ಗೋಡೆಗೆ ಒಂದು ಮೊಳೆ ಹೊಡೆಸಿದ್ದರು. ನಾನು ಅಲ್ಲೇ ತೂಗಬೇಕು, ಸುಲೋಚನಾ ಸ್ನಾನ ಮಾಡಿ ಒಳಗೆ ಹೋಗಬೇಕು. ಆ ಮನೆಯಲ್ಲಿ ಯಾರ ಎದೆಯನ್ನೂ ನಾನು ಕೇಳಿರಲಿಲ್ಲ.

ಮೊಳೆಯ ಕೆಳಗಿನ ಬಾಕಿನ ಮೇಲೆ ಮೋತ್ಯಾ ಮಲಗುತ್ತಿತ್ತು. ಬಿಳಿಯ ಬೆಕ್ಕು, ಒಂದು ಕಿವಿ ಮಾತ್ರ ಬೂದಿ. ಕಣ್ಣು ಬಿಡುವ ಮುಂಚೆ ಚರಂಡಿಯ ಪಕ್ಕ ಸಿಕ್ಕಿದ ಮರಿಯನ್ನು ಚಂದನವ್ವ ಹತ್ತಿಯ ಬತ್ತಿಯಲ್ಲಿ ಹಾಲು ಅದ್ದಿ ಚೀಪಿಸಿ ಬದುಕಿಸಿದ್ದರು. ಅದು ನಡೆದಾಡುವಂತಾದಾಗ ಕೊರಳಿಗೆ ಒಂದು ಹಿತ್ತಾಳೆಯ ಗೆಜ್ಜೆ ಕಟ್ಟಿದರು. ಚಂದಕ್ಕೆ ಎಂದುಕೊಂಡಿದ್ದೆ. ಅಲ್ಲ. ಬೆಕ್ಕು ಬರುವುದು ಇಲಿಗೂ ಗುಬ್ಬಿಗೂ ಮೊದಲೇ ತಿಳಿದು, ಅವು ಪಾರಾಗಲಿ ಎಂದು. ಇಲಿಯ ಪರವಾಗಿಯೂ ಯೋಚಿಸುವ ಮನುಷ್ಯರಿದ್ದಾರೆ ಎಂದು ಆವತ್ತು ತಿಳಿಯಿತು. ನನಗೆ ಕೈ ಇದ್ದಿದ್ದರೆ ಮುಗಿಯುತ್ತಿದ್ದೆ.

ಮೋತ್ಯಾನ ಊಟ ಹಾಲು-ಅನ್ನ, ಮೊಸರನ್ನ, ಹಬ್ಬಕ್ಕೆ ತುಪ್ಪ ಸವರಿದ ಚಪಾತಿಯ ಚೂರು. ಅದೂ ಹೊತ್ತು ಮುಳುಗುವುದರೊಳಗೆ. ನೆರೆಯವರು ನೋಡಲು ಬರುತ್ತಿದ್ದರು.

"ನಮ್ಮ ಮೋತ್ಯಾ ಮಾಂಸ ಮೂಸಿ ಸುದ್ದಾ ನೋಡಿಲ್ಲವ್ವಾ," ಎಂದು ಚಂದನವ್ವ ಬೀಗುತ್ತಿದ್ದರು. "ಹೋದ ಜನ್ಮದಾಗ ಏನ ಪುಣ್ಯಾ ಮಾಡಿತ್ತೋ ಏನೋ."

ಸುಲೋಚನಾ ಒಂದೆರಡು ಸಲ "ಅತ್ತಿ, ಬೆಕ್ಕಿಗೆ ಇದು ಸಾಲಂಗಿಲ್ರಿ" ಎಂದಿದ್ದರು. "ನೋಡ, ಹೆಂಗ ಮಿಂಚತೈತಿ ಅದರ ಮೈ!" ಎಂದು ಅತ್ತೆ ಬಾಯಿ ಮುಚ್ಚಿಸಿದ್ದರು. ಮೈ ಮಿಂಚುತ್ತಿದ್ದದ್ದೂ ನಿಜವೇ. ಹಗಲೆಲ್ಲ ಊರೂರು ಅಲೆದು ಬಂದ ಸೊಸೆಗೆ ವಾದ ಮಾಡುವ ತ್ರಾಣ ಉಳಿದಿರುತ್ತಿರಲಿಲ್ಲ.

ಹೀಗೆ ಮೂರು ನಾಲ್ಕು ವರ್ಷ ಕಳೆಯಿತು. ಆಮೇಲೆ ಮೋತ್ಯಾನ ಕಣ್ಣು ಬದಲಾದವು. ನಡು ಮಧ್ಯಾಹ್ನದ ಬಿಸಿಲಲ್ಲೂ ಕಣ್ಣಿನ ಕಪ್ಪು ಅಗಲವಾಗಿ ತೆರೆದಿರುತ್ತಿತ್ತು, ಒಳಗಿನಿಂದ ಹಸಿರು ಬೆಳಕು ಹೊಳೆಯುತ್ತಿತ್ತು. ಗುಬ್ಬಿ ಎದುರಿಗೇ ಕುಪ್ಪಳಿಸಿದರೂ ಅದು ಕದಲುತ್ತಿರಲಿಲ್ಲ.

"ಆಸೆನ ಬಿಟ್ಟೈತಿ ನೋಡ್ರಿ," ಎಂದು ಚಂದನವ್ವ ಮೆಲುದನಿಯಲ್ಲಿ ಅಂದರು. "ತಪಸ್ಸು ಮಾಡಿದವರ ಕಣ್ಣು ಇವು."

ಬಂದವರು ಬೆಕ್ಕಿಗೂ ಕೈ ಮುಗಿದು ಹೋಗತೊಡಗಿದರು. ನಾನೂ ಮರುಳಾದೆ. ಅಷ್ಟು ತುಂಬಿದ ಕಣ್ಣನ್ನು ನಾನು ಎಲ್ಲೂ ಕಂಡಿರಲಿಲ್ಲ.

ಒಂದು ದಿನ ಚಂದನವ್ವ ನೀರಿನ ಹಂಡೆಯನ್ನು ಕಟ್ಟೆಯ ಈ ಬದಿಯಿಂದ ಆ ಬದಿಗೆ ಇಡಿಸಿದರು. ಮಧ್ಯಾಹ್ನ ಊಟಕ್ಕೆಂದು ಬಂದ ಸುಲೋಚನಾ ನನ್ನನ್ನು ಮೊಳೆಗೆ ಹಾಕುತ್ತಿದ್ದರು. ಬಾಗಿಲಿನಿಂದ ಬಂದ ಮೋತ್ಯಾ ಸೀದಾ ಹೋಗಿ ಹಂಡೆಗೆ ಹಣೆ ಬಡಿಸಿಕೊಂಡಿತು. ಹಿಂದೆ ಸರಿದು ಮತ್ತೆ ಬಡಿಸಿಕೊಂಡಿತು. ಆಮೇಲೆ ಅಲ್ಲೇ ಕುಸಿದು ಬಾಯಿ ತೆರೆದು ಏದುಸಿರು ಬಿಟ್ಟಿತು. ಸುಲೋಚನಾ ನನ್ನನ್ನು ಮೊಳೆಯಿಂದ ಕಿತ್ತುಕೊಂಡು ನೆಲಕ್ಕೆ ಕೂತರು. ಅಷ್ಟು ವರ್ಷ ಕೈಯಳತೆಯಲ್ಲಿ ಮಲಗಿದ್ದ ಆ ಎದೆಯನ್ನು ನಾನು ಮೊದಲ ಸಲ ಮುಟ್ಟಿದೆ.

ಅಲ್ಲಿ ಎರಡು ಸದ್ದು ಇರಬೇಕಿತ್ತು. ಮೂರು ಇದ್ದವು. ಲಬ್-ಡಬ್ ಆದ ಮೇಲೆ ಇನ್ನೊಂದು, ಕುದುರೆ ಓಡಿದ ಹಾಗೆ. ಅಂಗೈಯಲ್ಲಿ ಹಿಡಿಯಬಹುದಾದ ಗುಂಡಿಗೆ ಹಳೆಯ ಚೀಲದಂತೆ ಜೋಲುಬಿದ್ದಿತ್ತು. ಆದರೂ ಅದು ನಿಂತಿರಲಿಲ್ಲ. ಬೇಕಾದದ್ದು ಸಿಗದೆ, ದೂರು ಹೇಳದೆ, ಇದ್ದಷ್ಟು ಬಲದಲ್ಲಿ ಎಲ್ಲರಿಗೂ ಕಾಣುವಂತೆ ಮೈಯನ್ನು ಮಿಂಚಿಸುತ್ತ ನಡೆದೇ ಇತ್ತು. ಅಂಥ ದೊಡ್ಡತನವನ್ನು ನಾನು ಯಾವ ಎತ್ತಿನ ಎದೆಯಲ್ಲೂ ಕೇಳಿಲ್ಲ.

ಸುಲೋಚನಾ ಟಾರ್ಚಿನ ಬೆಳಕು ಬಿಟ್ಟು ಕಣ್ಣು ನೋಡಿದರು. "ಅತ್ತಿ, ಇದಕ್ಕ ಕಣ್ಣ ಕಾಣಂಗಿಲ್ರಿ. ಎದಿನೂ ಸೋತೈತಿ."

"ಯಾಕ? ಏನ್ ಕಡಿಮಿ ಮಾಡೇನಿ ನಾ?"

"ಟಾರಿನ್ ಅಂತ ಒಂದ ಸತ್ವ ಐತ್ರಿ. ನಮ್ಮ ಮೈ ಅದನ್ನ ತಾನ ಮಾಡ್ಕೋತೈತಿ. ಬೆಕ್ಕಿನ ಮೈಗೆ ಸಾಲುವಷ್ಟು ಮಾಡ್ಕೊಳ್ಳಾಕ ಬರಂಗಿಲ್ಲ. ಮಾಂಸದಾಗ, ಮೀನದಾಗ ಸಿಗತೈತಿ. ಹಾಲು-ಅನ್ನದಾಗ ಸಾಲಂಗಿಲ್ಲ."

ಚಂದನವ್ವ ಗೋಡೆ ಹಿಡಿದು ಕೂತರು. ಆಮೇಲೆ ಕೇಳಿದರು, "ಹಿಂಸಾ ಬ್ಯಾಡ ಅಂತ ನಾ ಮಾಡಿದ್ದು, ಇದರ ಪಾಲಿಗೆ ಹಿಂಸಾನ ಆತೇನು?"

ಸೊಸೆ ಬೆಕ್ಕನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಚುಚ್ಚುಮದ್ದು ಕೊಟ್ಟರು. ಆಮೇಲೆ ಸಮಾಧಾನವಾಗಿ ತಿಳಿಸಿದರು. ಆ ಸತ್ವದ ಪುಡಿಯನ್ನು ಕಾರ್ಖಾನೆಯಲ್ಲೇ ಮಾಡುತ್ತಾರೆ, ಅದಕ್ಕೆ ಪ್ರಾಣಿ ಬೇಡ, ಅದನ್ನು ಇವತ್ತೇ ತರಿಸುವುದು. ಎದೆ ಸುಧಾರಿಸಬಹುದು, ಕಣ್ಣು ಮರಳುವುದಿಲ್ಲ.

ಚಂದನವ್ವನ ಮುಖ ಅರಳಿತು. "ಹಂಗಾದ್ರ ಪುಡಿ ಕಲಿಸಿ ಹಾಲು-ಅನ್ನಾನ ಕೊಡೂಣು."

"ಬೆಕ್ಕಿಗೆ ಬೇಕಾಗೂದು ಅದೊಂದ ಅಲ್ರಿ. ಇನ್ನೂ ಭಾಳ ಅದಾವ. ಅವನ್ನೆಲ್ಲಾ ಅಳತಿ ಮಾಡಿ ಸೇರಿಸಿದ, ಮಾಂಸ ಇಲ್ಲದ ತಿನಿಸೂ ಬರತಾವ. ಕೆಲವು ಬೆಕ್ಕು ಅದರ ಮ್ಯಾಲ ಚಂದಾಗಿ ಅದಾವ ಅಂತಾರ, ರಕ್ತಾ ತಪಾಸ್ ಮಾಡಕೋತ ಇರಬೇಕು. ಪೂರಾ ಗೊತ್ತಾಗಿಲ್ಲ ಇನ್ನೂ. ಎದಿ ಸೋತ ಬೆಕ್ಕಿನ ಮ್ಯಾಲ ನಾ ಅದನ್ನ ಪರೀಕ್ಷಾ ಮಾಡಂಗಿಲ್ರಿ."

ಮನೆಯೊಳಗೆ ಅಂದು ಮತ್ತೆ ಒಲೆ ಹೊತ್ತಲಿಲ್ಲ. ಚಂದನವ್ವ ಕಟ್ಟೆ ಬಿಟ್ಟು ಏಳಲಿಲ್ಲ. ಅವರ ಪಕ್ಕದಲ್ಲಿ ಮೋತ್ಯಾನ ಪಕ್ಕೆ ಮೇಲೆ ಕೆಳಗೆ ಆಗುತ್ತಿತ್ತು. ಒಂದು ಕಡೆ ಬದುಕಿಡೀ ಕಾಪಾಡಿಕೊಂಡು ಬಂದ ವ್ರತ, ಇನ್ನೊಂದು ಕಡೆ ಬತ್ತಿಯಲ್ಲಿ ಹಾಲೂಡಿಸಿದ ಜೀವ. ಬಿಸಿಲು ಇಳಿಯುವ ಹೊತ್ತಿಗೆ ಅವರು ಬೆಕ್ಕಿನ ಕೊರಳಿಗೆ ಕೈ ಹಾಕಿ ಗೆಜ್ಜೆಯ ದಾರವನ್ನು ಬಿಚ್ಚಿದರು.

"ವ್ರತಾ ತೊಗೊಂಡಾಕಿ ನಾನು," ಅಂದರು. "ಇದು ತೊಗೊಂಡಿಲ್ಲ. ಇದರ ಪಾಲಿಂದು ನಾ ಹೆಂಗ ತೊಗೊಂಡೆ? ಏನ್ ಬೇಕೋ ತರಸ. ಪಾಪ ಬಂದ್ರ ನನಗ ಬರಲಿ."

 ಸುಲೋಚನಾ ನನ್ನನ್ನು ಮೊಳೆಗೆ ಹಾಕಿ, ತಿನಿಸು ತರಿಸಲು ಹೊರಟರು.

ಮೀನು ಬೆರೆತ ಬೆಕ್ಕಿನ ತಿನಿಸು ಬಂತು, ಪುಡಿಯೂ ಬಂತು. ಅದು ಹೊಸ್ತಿಲು ದಾಟಲಿಲ್ಲ. ನನ್ನ ಮೊಳೆಯ ಕೆಳಗೆ, ಹೊರಗಿನವರ ಜಾಗದಲ್ಲಿ, ಮೋತ್ಯಾಗೆ ಒಂದು ಬಟ್ಟಲು ಇಟ್ಟರು. ತಿನಿಸು ಹಾಕುವುದು ಸುಲೋಚನಾ. ಚಂದನವ್ವ ಮುಖ ಆ ಕಡೆ ಮಾಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂರುವರು. ಆದರೆ ಕುರುಡು ಬೆಕ್ಕಿಗೆ ಹೊಸ ಬಟ್ಟಲು ಸಿಗುವುದು ಹೇಗೆ? ಆಗ ಅವರು ಸೆರಗಿನ ಗಂಟಿನಿಂದ ಆ ಗೆಜ್ಜೆ ತೆಗೆದು ಬಟ್ಟಲಿನ ಹತ್ತಿರ ಅಲ್ಲಾಡಿಸಿದರು. ಮೋತ್ಯಾ ತಲೆ ಎತ್ತಿತು. ತನ್ನ ಕೊರಳಿನ ಸದ್ದು ಅದಕ್ಕೆ ಗೊತ್ತಿತ್ತು. ಒಂದೊಂದೇ ಹೆಜ್ಜೆ ಇಟ್ಟು ಬಂತು. ಬಟ್ಟಲಿಗೆ ಮೂತಿ ಹಚ್ಚಿ ತಿಂದ ರೀತಿ ನೋಡಿ ಚಂದನವ್ವ ಅತ್ತುಬಿಟ್ಟರು.

ವಾರಗಳು ಕಳೆದವು. ಸುಲೋಚನಾ ಮತ್ತೆ ಮತ್ತೆ ನನ್ನನ್ನು ಆ ಎದೆಗೆ ಇಡುತ್ತಿದ್ದರು. ಮೂರನೆಯ ಸದ್ದು ಮೊದಲು ಮಂಕಾಯಿತು, ಆಮೇಲೆ ಆಗೊಮ್ಮೆ ಈಗೊಮ್ಮೆ ಬಂತು, ಮಳೆಗಾಲ ಮುಗಿಯುವ ಹೊತ್ತಿಗೆ ಹೊರಟೇ ಹೋಯಿತು. ಜೋಲುಬಿದ್ದ ಗುಂಡಿಗೆ ತನ್ನನ್ನು ತಾನೇ ಬಿಗಿದುಕೊಂಡಿತ್ತು. ಹೇಗೆ ಎಂದು ನನ್ನನ್ನು ಕೇಳಬೇಡಿ. ಎಷ್ಟೋ ಎದೆಗಳ ಬಾಗಿಲಲ್ಲಿ ನಿಂತಿದ್ದೇನೆ, ಒಳಗೆ ಹೋಗಿ ನೋಡಿದವನಲ್ಲ.

ಈಗ ನನಗೆ ವಯಸ್ಸಾಗಿದೆ. ನಾಳ ಬಿರುಕು ಬಿಟ್ಟಿದೆ, ಅರ್ಧ ಸದ್ದು ದಾರಿಯಲ್ಲೇ ಸೋರಿಹೋಗುತ್ತದೆ. ಸುಲೋಚನಾ ಹೊಸದನ್ನು ಕೊಂಡು ನನ್ನನ್ನು ಕಸದ ಬುಟ್ಟಿಗೆ ಹಾಕಹೊರಟಾಗ ಚಂದನವ್ವ ಕೈ ಚಾಚಿದರು. "ಇಲ್ಲೆ ಕೊಡ ಅದನ್ನ." ಒದ್ದೆ ಬಟ್ಟೆಯಲ್ಲಿ ಒರೆಸಿದರು, ಒಣ ಬಟ್ಟೆಯಲ್ಲಿ ಒರೆಸಿದರು. ಆಮೇಲೆ ನನ್ನನ್ನು ಎತ್ತಿಕೊಂಡು ಹೊಸ್ತಿಲು ದಾಟಿದರು. ಈಗ ನಾನು ಅವರ ಜಪದ ಮಣೆಯ ಪಕ್ಕದ ಗೂಟದಲ್ಲಿದ್ದೇನೆ.

ದಿನಾ ಸಂಜೆ, ತಮ್ಮ ಊಟ ಮುಗಿಸಿ, ಹೊತ್ತು ಮುಳುಗುವ ಮುಂಚೆ ಅವರು ನನ್ನನ್ನು ಕಿವಿಗೆ ಹಾಕಿಕೊಳ್ಳುತ್ತಾರೆ. ಕಾಲ ಬಳಿ ಮಲಗಿದ ಮೋತ್ಯಾನ ಎದೆಗೆ ಬಿಲ್ಲೆ ಇಟ್ಟು ಉಸಿರು ಹಿಡಿದು ಕೇಳುತ್ತಾರೆ. ಅವರ ಕಿವಿ ಹಳೆಯದು, ನಾನೂ ಹಳಬ. ಇಬ್ಬರೂ ಸೇರಿದರೆ ಹೇಗೋ ಕೇಳಿಸುತ್ತದೆ.

"ಎರಡ ಅದಾವ," ಎನ್ನುತ್ತಾರೆ ಚಂದನವ್ವ. ಆಮೇಲೆ ಗೆಜ್ಜೆ ತೆಗೆದುಕೊಂಡು ಕಟ್ಟೆಗೆ ಹೋಗುತ್ತಾರೆ.